ಮೂವತ್ತೇಳನೆಯ ಕಂತು

ಬೋಲ್ಟನ್ನಿನ ಕೆಂಪಿಟ್ಟಿಗೆಯ ಈ ಸಾಲುಮನೆಯಲ್ಲಿ
ನಾವು ಮೂವರು, ಒಂದು ಬ್ಯಾಂಕು.
ಬ್ಯಾಂಕು ಉಣ್ಣುವುದಿಲ್ಲ, ಕೆಮ್ಮುವುದಿಲ್ಲ,
ಮೆಟ್ಟಿಲಿಳಿದರೆ ಸದ್ದಿಲ್ಲ.
ಆದರೂ ನೂರರಲ್ಲಿ ಎಪ್ಪತ್ತು ಪಾಲು ಅದರದ್ದು.
ತಿಂಗಳ ಮೊದಲ ದಿನ
ಅದರ ಪಾಲಿಗೆ ಬಾಡಿಗೆ ಕೊಟ್ಟು
ಅದರಿಂದಲೇ ಒಂದು ಚೂರು ಮನೆ ಕೊಳ್ಳುತ್ತೇವೆ.

ರಾತ್ರಿ ಬಸ್ಸು ಓಡಿಸಿ ಬಂದ ಮೊಯ್ದಿನಬ್ಬ
ಚಹಾಕ್ಕೆ ರಸ್ಕು ಅದ್ದುತ್ತ ಲೆಕ್ಕ ಹಾಕುತ್ತಾನೆ:
ಅಡುಗೆಮನೆ ಪೂರ್ತಿ ನಮ್ಮದು ಈಗ,
ಸಿಂಕಿನ ಕೆಳಗಿನ ಕಪಾಟೊಂದು ಬಿಟ್ಟು.
ಹೋದ ಚಳಿಗಾಲ ಮುಂಬಾಗಿಲ ಚಿಲಕ ಕೊಂಡೆವು,
ರಂಜಾನಿನಲ್ಲಿ ಮೂರನೇ ಮೆಟ್ಟಿಲು, ಆ ಕಿರುಗುಟ್ಟುವುದು.
ಅದು ನಮ್ಮದಾದ ರಾತ್ರಿ
ಅದರ ಮೇಲೇ ಕೂತು
ಸಹರಿಯ ಖರ್ಜೂರ ತಿಂದೆ.

ನನ್ನಜ್ಜಿ ಮಂಗಳೂರಿನ ಬಂದರಿನಲ್ಲಿ
ಬೀಡಿ ಕಟ್ಟುತ್ತಿದ್ದವಳು, ಅಲಿಕತ್ತು ಅಡವಿಟ್ಟಳು.
ಮೂರು ವರ್ಷದಲ್ಲಿ ಬಡ್ಡಿ
ಅವಳ ಕಿವಿಗಿಂತ ದೊಡ್ಡದಾಯಿತು.
ಸಾಯುವಾಗಲೂ ಕಿವಿಯ ತೂತುಗಳನ್ನು ಸವರುತ್ತಿದ್ದಳು,
ರಸೀದಿ ಹುಡುಕುವವಳ ಹಾಗೆ.
ಬಡ್ಡಿ ಯಾಕೆ ಬೇಡ ಅಂತ
ನನಗೆ ಯಾವ ಮೌಲವಿಯೂ ಹೇಳಿಕೊಡಬೇಕಾಗಿರಲಿಲ್ಲ.

ಆದರೆ ರುಮಾನಾ ಕಾಲೇಜಿನಲ್ಲಿ ಅರ್ಥಶಾಸ್ತ್ರ ಓದುವ ಹುಡುಗಿ.
ಕರಾರುಪತ್ರ ಮಗುಚಿ ನೋಡಿ ಕೇಳಿದಳು:
“ಉಮ್ಮಾ, ಊರಿನ ಬಡ್ಡಿದರ ಏರಿದ ತಿಂಗಳೇ
ನಮ್ಮ ಬಾಡಿಗೆಯೂ ಏರಿದೆ, ಅಷ್ಟಕ್ಕಷ್ಟೇ.
ಬಡ್ಡಿಗೆ ಟೋಪಿ ಹಾಕಿದರೆ ಬಾಡಿಗೆಯಾಗುತ್ತದಾ?
ಅಥವಾ ಟೋಪಿ ಹಾಕಿದ್ದು ನಮಗಾ?”
ಅವಳಪ್ಪ ಎದ್ದು ಲೋಟ ತೊಳೆದ.
ತೊಳೆದದ್ದನ್ನೇ ಮತ್ತೆ ತೊಳೆದ.

ಪಕ್ಕದ ಮನೆಯ ಡೋರೀನ್‌ಗೆ ಎಂಬತ್ತಮೂರು.
ಹತ್ತಿಗಿರಣಿಯ ಸದ್ದಿಗೆ ಕಿವಿ ಕಳಕೊಂಡವಳು,
ತುಟಿ ನೋಡಿಯೇ ಊರಿಡೀ ಕೇಳಿಸಿಕೊಳ್ಳುತ್ತಾಳೆ.
ಪ್ಯಾಂಟಿನ ಅಂಚು ಮಡಿಸಲು ಕೊಡಲು ಬಂದವಳು ಹೇಳಿದಳು:
ಅವಳ ಅಜ್ಜನ ಅಜ್ಜ, ಇನ್ನೂ ಹತ್ತೊಂಬತ್ತು ನೇಕಾರರು
ಹದಿನೈದು ದಿನಕ್ಕೊಮ್ಮೆ ಹೆಂಡದಂಗಡಿಯಲ್ಲಿ ಸೇರಿ
ಪೀಪಾಯಿಯ ಮೇಲೆ ಚಿಲ್ಲರೆ ಎಣಿಸುತ್ತಿದ್ದರಂತೆ.
ಹೆಸರು ಬಂದವನಿಗೆ ಮನೆ.
ಕೊನೆಯವನಿಗೂ ಸೂರಾದ ದಿನ
ಸಂಘ ಮುಚ್ಚಿ ಎಲ್ಲರೂ ಕುಡಿದರಂತೆ.
“ಚೀಟಿ!” ಅಂದೆ. “ಇದಕ್ಕೆ ನಾವು ಚೀಟಿ ಅನ್ನುತ್ತೇವೆ.”
“ಚೀಟಿ,” ಅಂದಳು ಡೋರೀನ್, ನನ್ನ ತುಟಿ ನೋಡಿ.
ಹರಾಮಿನ ಮೇಜಿನ ಮೇಲೆ ಹಲಾಲಿನ ಲೆಕ್ಕ!
ಆ ದಿನವೆಲ್ಲ ನಗುತ್ತಲೇ ಹೊಲಿದೆ.

ನವೆಂಬರಿನ ಗಾಳಿಗೆ ಸೂರಿನ ಸ್ಲೇಟುಗಳು ಹಾರಿದವು.
ಬ್ಯಾಂಕಿಗೆ ಫೋನು ಮಾಡಿದೆ:
ಪಾಲುದಾರರೇ, ನೂರಕ್ಕೆ ಎಪ್ಪತ್ತು ಮಳೆ
ನಿಮ್ಮ ಮನೆಯೊಳಗೆ ಸುರಿಯುತ್ತಿದೆ.
ಹುಡುಗಿ ಬಲು ಮರ್ಯಾದೆಯಿಂದ
ಹದಿನಾಲ್ಕನೇ ಕಲಮು ಓದಿದಳು: ದುರಸ್ತಿ ವಾಸವಿರುವವರದ್ದು.
ಲಾಭಕ್ಕೂ ನಷ್ಟಕ್ಕೂ ಜೊತೆ ಎಂದಿದ್ದ ಬಣ್ಣದ ಪುಸ್ತಿಕೆಯನ್ನು
ಹನಿ ಬೀಳುವಲ್ಲಿ, ಬಕೆಟ್ಟಿನಡಿ ಇಟ್ಟೆ.

ಸಂಜೆ ಭರೂಚಿನ ಇಸ್ಮಾಯಿಲ್ ಚಾಚಾ ಬಂದರು,
ಮಸೀದಿಯ ಬಿಸ್ಕತ್ತು ಡಬ್ಬಿಯಿಂದ ಆರುನೂರು ಪೌಂಡು ಎಣಿಸಿ
“ಆದಾಗ ಕೊಡು” ಅಂದರು.
ಸಹಿ ಎಲ್ಲಿ ಅಂದರೆ
“ಬರೆದಿಡಬೇಕು ಅಂತಲೇ ಇದೆ, ಆದರೆ ಕನ್ನಡಕ ಮರೆತೆ.”
ಆ ದುಡ್ಡು ಕ್ಯಾಲಮ್ ಎಂಬ ಹುಡುಗನ ಏಣಿ ಹತ್ತಿತು,
ಅವನ ಮೊದಲ ಸ್ವಂತ ಗಿರಾಕಿ ನಾವು.
ವಾರ ಕಳೆದು ಅವನೇ ಬಂದ,
ತಂಗಿಯ ಮದುವೆಗೆ ಸೂಟು ಬಿಗಿ ಮಾಡಿಸಲು.
ಹನ್ನೆರಡು ಪೌಂಡು ಡಬ್ಬಿಗೆ ಹಿಂತಿರುಗಿತು.
ರುಮಾನಾ ಅದನ್ನು ನೋಟ್‌ಬುಕ್ಕಿನಲ್ಲಿ
ಬಾಣ ಹಾಕಿ ಬರೆದುಕೊಂಡಳು, ಏನೂ ಹೇಳಲಿಲ್ಲ.

ಇಂದು ಮೂವತ್ತೇಳನೆಯ ಕಂತು.
ಏನು ಕೊಳ್ಳೋಣ? ನನಗೆ ಕಿಟಕಿಯ ಕಟ್ಟೆ ಬೇಕು,
ಸೂಜಿಗೆ ದಾರ ಪೋಣಿಸುವ ಬೆಳಕು ಬೀಳುವಲ್ಲಿ.
ಅವನಿಗೆ ಸಿಂಕಿನ ಕೆಳಗಿನ ಕಪಾಟು. ಜಗಳ ಮುಗಿದಿಲ್ಲ.

ಈಗ ರಾತ್ರಿ ಎರಡು. ಅವನು ಬಸ್ಸಿನಲ್ಲಿ,
ಮಗಳ ಉಸಿರು ನನ್ನ ಪಕ್ಕದಲ್ಲೇ.
ಮೂರನೇ ಮೆಟ್ಟಿಲು ಕಿರುಗುಟ್ಟಿತು.
ಬ್ಯಾಂಕು ನೀರು ಕುಡಿಯಲು ಇಳಿದಿರಬೇಕು.