ಹದಿನಾಲ್ಕನೇ ಪ್ರಶ್ನೆ

ಎರ್ಜುರುಮ್‌ನ ಹಿಮ ಅರ್ಧ ಕಿಟಕಿಗೆ ಬಂದು ನಿಂತಿದೆ,
ಒಳಗೆ ಬರಲೋ ಬೇಡವೋ ಎನ್ನುವ ನೆಂಟನ ಹಾಗೆ.
ಹಾಸ್ಟೆಲಿನ ಹೀಟರಿನ ಮೇಲೆ
ನಾಲ್ವರ ಏಳು ಕಾಲುಚೀಲ. ಒಂದು ಯಾರದೋ ಕಳೆದಿದೆ.
ನನ್ನ ಮಡಿಲಲ್ಲಿ ಫೆರ್ಹುಂದೆ ಮೇಡಮ್ ಕೊಟ್ಟ ಹಾಳೆ:
ನಾಳೆಯೊಳಗೆ ತುಂಬಬೇಕು.
ಹೆಸರು ಬೇಡವಂತೆ.
ಕೈಬರಹ ಅವರಿಗೆ ಗೊತ್ತು.

ನಿಮ್ಮ ಓದು ನಿಮಗೆ ಎಷ್ಟು ತೃಪ್ತಿ ತಂದಿದೆ?
ಒಂದರಿಂದ ಐದು. ಒಂದೇ ಚೌಕಕ್ಕೆ ಗುರುತು ಹಾಕಿ.

ಯಾವ ದಿನದ ಲೆಕ್ಕ ಹೇಳಲಿ?
ಬದನೆಕಾಯಿಗೆ ಸೂಜಿ ಚುಚ್ಚಿ ಕಲಿತು
ರಾತ್ರಿ ಅದನ್ನೇ ಹುರಿದು ತಿಂದೆವಲ್ಲ, ಅವತ್ತು ಐದು.
ಮೂರು ಸಲ ಚುಚ್ಚಿಯೂ ನರ ಸಿಗದೆ
'ಬೇರೆ ಯಾರಾದರೂ ಬರಲಿ' ಅಂದಳಲ್ಲ ಒಬ್ಬ ಬಸುರಿ,
ಅವತ್ತಿಗೆ ಈ ಹಾಳೆಯಲ್ಲಿ ಸೊನ್ನೆಯೇ ಇಲ್ಲ.

ಹಾಜೆರ್ ಎಲ್ಲಕ್ಕೂ ಮೂರು ಹಾಕಿ ಮಲಗಿದ್ದಾಳೆ.
ಮೂರು ಹಾಕಿದರೆ ತಕರಾರಿಲ್ಲ ಅನ್ನುತ್ತಾಳೆ.
ಅವಳ ದಿಂಬಿನಡಿ ಜರ್ಮನ್ ವ್ಯಾಕರಣ,
ನಿದ್ದೆಯಲ್ಲೂ ಡೆರ್, ಡೀ, ಡಾಸ್.
ಹೋಗುತ್ತಾಳೆ. ಹೋಗಲಿ.
ನಮ್ಮ ತರಗತಿ ಅರ್ಧ ಈಗಾಗಲೇ ಹೋಗಿಬಿಟ್ಟಿದೆ,
ಬೆಂಚಿನ ಮೇಲೆ ಮೈ ಮಾತ್ರ ಕೂತಿದೆ.

ಹದಿನಾಲ್ಕನೇ ಪ್ರಶ್ನೆ:
ಐದು ವರ್ಷದ ನಂತರ ಎಲ್ಲಿರಲು ಯೋಜಿಸಿದ್ದೀರಿ?
ಉತ್ತರಕ್ಕೆ ಒಂದೂವರೆ ಗೆರೆ ಜಾಗ.

ಅಮ್ಮನನ್ನು ಕೇಳಿದರೆ: ಸರ್ಕಾರಿ ಆಸ್ಪತ್ರೆ, ಮನೆಗೆ ಹತ್ತಿರ.
ಅಣ್ಣನನ್ನು ಕೇಳಿದರೆ: ಸಂಬಳ ಎಷ್ಟು?
ನಾನೋ, ಇಲ್ಲಿಗೆ ಬಂದದ್ದೇ ಯೋಜನೆಯಲ್ಲ.
ಪರೀಕ್ಷೆಯ ಅಂಕ ಇಲ್ಲಿ ತಂದು ಇಳಿಸಿತು,
ಕೊನೇ ನಿಲ್ದಾಣ ಬಂತು, ಏಳಿ ಏಳಿ, ಎಂದು
ಮಲಗಿದ್ದವರನ್ನು ಬಸ್ಸು ಇಳಿಸುವ ಹಾಗೆ.

ಕಳೆದ ಮಂಗಳವಾರ, ಏಳನೇ ವಾರ್ಡು.
ಝುಲ್ಫು ತಾತ, ಕಾರ್ಸ್ ಕಡೆಯ ಕುರಿಗಾಹಿ,
ಮಾತು ಬಿಟ್ಟು ಹನ್ನೊಂದು ದಿನ.
ಕಾಲಿನ ಹುಣ್ಣು ತೊಳೆಯುವಾಗ ಗೊಣಗಿದರು:
'ನಿನ್ನ ಕೈ ತಣ್ಣಗಿದೆ, ಮಗಳೇ.'
ಬೈದರೋ, ಮರುಗಿದರೋ. ಕೇಳಲಿಲ್ಲ.
ಕಾರಿಡಾರಿನ ತುದಿಗೆ ಹೋಗಿ
ಚಹಾದ ಗಾಜಿನ ಲೋಟ ಎರಡೂ ಅಂಗೈಯಲ್ಲಿ ಒತ್ತಿ
ಕುಡಿಯದೆ ನಿಂತೆ.
ಬಿಸಿ ಏರಿದ ಮೇಲೆ ವಾಪಸ್ಸು ಹೋದೆ.
ತಾತ ಕಣ್ಣು ಮುಚ್ಚಿದ್ದರು, ಕಾಲು ಮಾತ್ರ
ಒಂದಿಷ್ಟು ಮುಂದಕ್ಕೆ ಚಾಚಿದರು.

ಇದಕ್ಕೆ ಯಾವ ಚೌಕ?

'ಏಳನೇ ವಾರ್ಡು' ಎಂದು ಬರೆದೆ, ಹೊಡೆದು ಹಾಕಿದೆ.
'ಜರ್ಮನಿ' ಎಂದು ಬರೆದೆ,
ಅದೂ ನನ್ನ ಅಕ್ಷರದ ಹಾಗೆ ಕಾಣಲಿಲ್ಲ.
ಗೆರೆಯ ಜಾಗ ಮುಗಿಯಿತು.

ಬೆಳಗಿನ ಪಾಳಿ ಆರೂವರೆಗೆ.
ಕಾಲುಚೀಲಗಳನ್ನು ಪಕ್ಕಕ್ಕೆ ಸರಿಸಿ
ಹೀಟರಿನ ಮೇಲೆ ಕೈಗವಸು ಇಟ್ಟು
ದೀಪ ಆರಿಸಿದೆ.