ಎಲ್.ಸಿ. ತಗೊಂಡ ಮಧ್ಯಾಹ್ನ

ಭಾಗೀರಥಿ ಲೆಕ್ಕದ ನೋಟಬುಕ್ಕಿನ ಕಡೀ ಹಾಳಿ ಹರದು
ದೊಡ್ಡ ಅಕ್ಷರದಾಗ ಬರದು ಫ್ರಿಜ್ಜಿನ ಬಾಗಲಕ್ಕ ಅಂಟಿಸ್ಯಾಳ:
ತಾಸಿಗೊಮ್ಮೆ ತೆಗೀಬೇಕು, ಫೋರ್ಕಿನಿಂದ ಕೆದಕಬೇಕು,
ಇಲ್ಲಂದ್ರ ಶಹಾಬಾದ ಫರಸಿ ಆಗ್ತದ, ಅಪ್ಪಾ.
‘ಅಪ್ಪಾ’ದ ಕೆಳಗ ಎರಡು ಗೀಟು.

ಇವತ್ತು ನನ್ನ ವಾರದ ರಜಾ.
ಅವರವ್ವ ಹತ್ತನೇತ್ತೆ ಪೇಪರ್ ತಿದ್ದಲಿಕ್ಕೆ ಹೋಗ್ಯಾಳ,
ಸಂಜಿಗೆ ಬೆರಳತುಂಬ ಕೆಂಪು ಶಾಯಿ ಬಡಕೊಂಡು ಬರ್ತಾಳ.
ಬಂದಕೂಡ್ಲೆ ಏನರೆ ತಣ್ಣಂದು ಕೊಡೂಣು ಅಂತ
ತಂದಿ ಮಗಳು ಗುಟ್ಟಾಗಿ ಮಾತಾಡಿದ್ದು.

ಕಣ್ಣಿ ಮಾರ್ಕೆಟ್ಟಿನಾಗ ಮುಂಜಾನೆ ಏಳಕ್ಕ
ಕರಬೂಜದ ತೊಟ್ಟು ಮೂಸಿ ಮೂಸಿ ಒಂದು ಆರಿಸಿದೆ.
ಅರ್ಧ ಪಪ್ಪಾಯಿ. ಗೊನಿಬಿಟ್ಟು ಉದುರಿದ ದ್ರಾಕ್ಷಿ, ಅದು ಅಗ್ಗ.
ಪೇರಲ ಕೇಳಿದ್ದಕ್ಕ ಗಾಡಿಯವ ನಕ್ಕ,
ಬಿಸಲಾಗ ಎಲ್ಲಿ ಪೇರಲ ಸಾಹೇಬ್ರ ಅಂದ.

ನಂದು ವಾಯರಿನ ಸಿಪ್ಪಿ ಸುಲಿಯೋ ಕೈ.
ದ್ರಾಕ್ಷಿ ಸುಲೀಲಿಕ್ಕೆ ಕೂತಿದ್ದೆ, ಮಗಳು ಕಸಕೊಂಡಳು.
ಸಕ್ಕರಿ ನೀರು ಕುದಿಸಿ, ಆರಿಸಿ, ನಿಂಬಿಕಾಯಿ ಹಿಂಡಿ,
ಎರಡು ಹರಳು ಉಪ್ಪು
(ಇದು ಹಾಳಿಯಾಗ ಇಲ್ಲ, ಇದು ನಂದು)
ಅಗಲ ಸ್ಟೀಲಿನ ಡಬ್ಬಿಗೆ ಸುರುವಿ
ಮ್ಯಾಲಿನ ಖಾನೆದಾಗ ತುರುಕಿದಿವಿ.

ಹನ್ನೊಂದಕ್ಕ ತೆಗದ್ರ ಅಂಚಿಗಷ್ಟ ಪೊರಿ,
ಹಾಲು ಕೆನಿಗಟ್ಟಿದಂಗ.
ಹನ್ನೆರಡಕ್ಕ ಫೋರ್ಕ್ ಹಚ್ಚಿದ್ರ ಕರಕರ.
ಭಾಗೀರಥಿ ಒಂದು ದ್ರಾಕ್ಷಿ ಬಾಯಾಗ ಹಾಕ್ಕೊಂಡು
ಹಲ್ಲು ಜುಮ್ಮಂದು ಅಂಗಳದತನಕ ಓಡಿದಳು,
ಅಲ್ಲಿ ಕಾಲು ಸುಟ್ಟು ಹೊಳ್ಳಿ ಬಂದಳು.

ಒಂದಕ್ಕ ಐದು ಕಮ್ಮಿ. ಮಹಿಬೂಬನ ಫೋನು.
‘ಕಾಕಾ, ಟೀಸಿ ಹೊಗಿ ಕಾರ್ಲಿಕತ್ತದ, ನಾ ಒಬ್ಬನ ಇದೀನಿ.’

ಕಂಬ ಹತ್ತೂ ಮೊದಲ ಎಲ್.ಸಿ. ತಗೋಬೇಕು,
ಫೀಡರ್ ಬಂದ್ ಮಾಡ್ರಿ ಅಂತ ಸ್ಟೇಷನ್ನಿಗೆ ಹೇಳಬೇಕು.
ಹೇಳಿದೆ. ನಂಬರ್ ಬರಕೊಂಡೆ. ಟೈಮ್ ಬರಕೊಂಡೆ.
ಆ ಫೀಡರಿನ ಮ್ಯಾಲೆ ನಮ್ಮ ಮನೀನೂ ಅದ.

ನಲವತ್ಮೂರು ಡಿಗ್ರಿ. ಕೈಚೀಲದಾಗಿನ ಇಕ್ಕಳ
ಈಗ ಒಲಿಯಾಗಿಂದ ತೆಗದಂಗ.
ಮ್ಯಾಲಿಂದ ನೋಡಿದ್ರ ಬ್ರಹ್ಮಪುರದ ಮಾಳಿಗಿಗಳು,
ಒಂದೊಂದರ ಕೆಳಗ ಒಂದೊಂದು ಫ್ರಿಜ್ಜು ಸುಮ್ನಾಗಿ ನಿಂತಾವ:
ಝರೀನಾ ಆಪಾನ ಇನ್ಸುಲಿನ್,
ಮೆಡಿಕಲ್ ಗುರುಪಾದನ ಲಸಿಕಿ,
ಯಾರದೋ ರುಬ್ಬಿಟ್ಟ ಹಿಟ್ಟು,
ನಂದೊಂದು ಡಬ್ಬಿ.

ಕೆಳಗ ಮಹಿಬೂಬನ ಕೈಯಾಗ ಸೆಕ್ಷನ್ ಫೋನು
ಒಂದ್ಸವನ ಬಡಕೋತಿತ್ತು. ಒಂದು ಕಾಲಿಗೆ ಮಾತ್ರ
ಅವ ಸ್ಪೀಕರ್ ಹಚ್ಚಿ ಮ್ಯಾಲೆ ನೋಡಿದ.
‘ಸರ್, ಕರೆಂಟ್ ಯಾವಾಗ ಬರ್ತದ್ರಿ? ಭಾಳ ಅರ್ಜೆಂಟ್ ಅದ.’
‘ಯಾಕ ಅರ್ಜೆಂಟ್, ತಂಗಿ?’
ಸ್ವಲ್ಪ ಹೊತ್ತು ಏನೂ ಇಲ್ಲ. ಆಮ್ಯಾಲೆ ಸಣ್ಣಗ,
‘ಕೆದಕೂದಿತ್ರಿ.’

ಇಪ್ಪತ್ತೆರಡು ವರ್ಷ ಈ ಪ್ರಶ್ನಿ ಕೇಳೀನಿ,
ಅವ್ವ ಅಪ್ಪನ ಹೆಸರು ಸೇರಿಸಿ ಬೈಸಿಕೊಂಡೀನಿ.
‘ಅರ್ಧ ತಾಸು ಅನ್ನು’ ಅಂದೆ ಕಂಬದ ಮ್ಯಾಲಿಂದ.
ಎಲ್ಲಾರಿಗೂ ನಾವು ಅನ್ನೂದು ಅದ.

ಮುಗಿಯೂದ್ರಾಗ ಮೂರೂ ನಲವತ್ತು.

ಮನಿಗೆ ಬಂದ್ರ ಅಕಿ ಆಗಲೇ ಬಂದಾಳ,
ಫರಸಿಮ್ಯಾಲೆ ಕಾಲು ಚಾಚಿ, ತೊಡಿಮ್ಯಾಲೆ ಡಬ್ಬಿ ಇಟ್ಟು
ಚಮಚಾದಿಂದ ನೇರ ತಿನ್ನಲಿಕತ್ತಾಳ.
ಹಣ್ಣು ತಳಕ್ಕ ಕುಂತಾವ, ಮ್ಯಾಲೆ ಬರ್ಫದ ಚೂರು ತೇಲ್ತಾವ.
ಕರಗಿಬಿಟ್ಟದ ಅಂದೆ.
‘ಗಟ್ಟಿ ಇದ್ರ ತಾಸುಗಟ್ಟಲೆ ಕಾಯಬೇಕಿತ್ತು’ ಅಂದಳು,
ಬಟ್ಟಲಾ ಎತ್ತಿ ಉಳದ ನೀರು ಮಗಳಿಗೆ ಬಗ್ಗಿಸಿದಳು.

ಫ್ರಿಜ್ಜಿನ ಹಾಳಿಮ್ಯಾಲೆ ಕೆಂಪು ಪೆನ್ನಿನಾಗ
ಹತ್ತಕ್ಕ ಆರು.
ಉಪ್ಪು ಯಾರ ಐಡಿಯಾ ಅಂತ ಕೇಳಿದಳು, ಹೇಳಿದೆ.
ಆರು ಹೊಡದು ಏಳು ಮಾಡಿದಳು.
ರೀವ್ಯಾಲ್ಯುಯೇಶನ್ನಿಗೆ ಹಾಕ್ತೀನಿ ಅಂತ ಭಾಗೀರಥಿ ಜಗಳಕ್ಕ ನಿಂತಳು.

ನಾ ಖಾಲಿ ಡಬ್ಬಿ ತಗೊಂಡು
ಇಕ್ಕಳ ಹಿಡದ ಅಂಗೈಗೆ ಒತ್ತಿ ಕೂತೆ.
ಇನ್ನೂ ತಣ್ಣಗಿತ್ತು.