ಮೂರು ಮಂದಿ ಕೂಡ್ರುವ ಸೋಫಾ

ಖಾನಾಪುರ ರೋಡಿನ ಅಂಗಡಿಯಲ್ಲಿ ಅಪ್ಪ
ಚಪ್ಪಲಿ ಬಾಗಿಲಾಚೆ ಬಿಟ್ಟು ಒಳಗೆ ಬಂದ.
'ಹಾಕ್ಕೊಂಡೇ ಬರ್ರಿ' ಅಂದ ಹುಡುಗನಿಗೆ
'ಇರ್ಲಿ ಬಿಡಪಾ, ತೊಗಲಿನ ಮುಂದ
ತೊಗಲು ಮೆಟ್ಟಿ ನಿಂದ್ರಬಾರದು' ಅಂದ.
ಹುಡುಗ ನಕ್ಕ.
ಅಥಣಿಯ ನಮ್ಮ ಓಣಿಯಲ್ಲಿ ಅದು
ನಗೆಮಾತೋ ನೇಮವೋ ನನಗಿನ್ನೂ ಗೊತ್ತಿಲ್ಲ.

ಹನ್ನೊಂದು ತಿಂಗಳ ಅರಿಯರ್ಸ್ ನನ್ನ ಬ್ಯಾಗಿನಲ್ಲಿ.
'ಎಲ್ಲಾ ಇಟಲಿ ಡಿಸೈನ್ ರೀ, ಐದು ವರ್ಷ ಗ್ಯಾರಂಟಿ,
ಇದಕ್ಕ ನೋಡ್ರಿ, ಕಪ್ ಇಡಾಕ ಕುಣಿ ಐತಿ.'
ಅಪ್ಪ ಕೇಳಿಸಿಕೊಳ್ಳಲಿಲ್ಲ. ಬಗ್ಗಿ ಮೂಗು ಹಚ್ಚಿದ
ಒಂದೊಂದಕ್ಕೂ, ಕೂಸಿನ ನೆತ್ತಿ ಮೂಸುವ ಹಾಗೆ.
ಮೊದಲನೆಯದು ಬಣ್ಣದ ಡಬ್ಬಿಯ ನಾತ.
ಎರಡನೆಯದಕ್ಕೆ ನಾತವೇ ಇಲ್ಲ:
'ಹುಟ್ಟೇ ಇಲ್ಲಲೇ ಇದು, ಸಾಯೂದೆಲ್ಲಿ ಬಂತು?'
ಮೂರನೆಯದರ ಮೇಲೆ ಹೆಬ್ಬೆರಳು ಊರಿದ.
ಸುತ್ತ ಸಣ್ಣ ಸುಕ್ಕು ಎದ್ದು
ಬೆರಳೆತ್ತಿದೊಡನೆ ಅಡಗಿದವು.
ಆಮೇಲೆ ನೆಲಕ್ಕೆ ಮಲಗಿ, ಅದರ ಹೊಟ್ಟೆಯ ಕೆಳಗೆ
ಕೈ ತೂರಿಸಿ ಹೊಲಿಗೆ ಎಣಿಸಿದ. ಇಂಚಿಗೆ ಆರು.
ಕಟ್ಟಿಗೆ ಸಾಗವಾನಿ ಅಲ್ಲ, ನಡೀತದ.

ಹಿಂಬದಿಗೆ ಒಂದು ಗೇಣುದ್ದ ಗೆರೆ.
ಹುಡುಗ ಕೈ ಅಡ್ಡ ಇಟ್ಟ:
'ಸಣ್ಣ ಡಿಫೆಕ್ಟು, ಬ್ಯಾರೆ ಪೀಸ್ ತರಸ್ತೇನ್ರಿ.'
ಅಪ್ಪ ಆ ಕೈ ಸರಿಸಿ, ಗೆರೆಗುಂಟ ಬೆರಳೆಳೆದ.
'ಮುಳ್ಳುತಂತಿ ಬೇಲಿ ಜಿಗಿದದ ಇದು.
ಜೀವ ಇದ್ದಾಗ ಆದ ಗಾಯ, ಜೀವ ಇದ್ದಾಗಲೇ ಮಾಯ್ದದ.
ಗುರುತಿಲ್ಲದ ತೊಗಲು ಯಾವನರೆ ಕಂಡಾನೇನು?
ಇದನ್ನ ಕಟ್ಟು.'
ಎಂದವನೇ, ಅದೇ ಗಾಯ ತೋರಿಸಿ
ನಾಲ್ಕು ಸಾವಿರ ಇಳಿಸಿದ.

ಹಿಂದವಾಡಿಯ ಮನೆ, ಎರಡನೆಯ ಮಹಡಿ.
ಅಪ್ಪ ಹೇಳಿಹೋದದ್ದು ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದೇನೆ:
ಪಡುವಣ ಕಿಟಕಿಗೆ ಒಂದು ಮಾರು ದೂರ, ಬಿಸಿಲಿಗಿಟ್ಟರೆ ಹಪ್ಪಳ.
ವಾರಕ್ಕೊಮ್ಮೆ ಹಿಂಡಿದ ಅರಿವೆ, ಹಿಂದೆಯೇ ಒಣ ಅರಿವೆ.
ಕೊಬ್ಬರಿ ಎಣ್ಣಿ ತಲಿಗೆ, ಇದಕ್ಕಲ್ಲ.
ಚಹಾ ಚೆಲ್ಲಿದರ ಒತ್ತಿ ತೆಗಿ, ಉಜ್ಜಬ್ಯಾಡ,
ಉಜ್ಜಿದ್ದು ಒಳಗಿಳೀತದ, ಬೈದ ಮಾತಿನಂಗ.
ಈ ಊರಾಗ ಆಷಾಢಕ್ಕ ಬೂಷ್ಟು ಬರತದ,
ಗ್ವಾಡಿಗೆ ಹಚ್ಚಿ ಇಡಬ್ಯಾಡ, ಉಸಿರಾಡ್ಲಿ.
ಯುಗಾದಿಗೊಮ್ಮಿ ದೀಪಾವಳಿಗೊಮ್ಮಿ ಕ್ರೀಮು, ಬೆರಳತುದಿಯಷ್ಟು.
ಜಾಗ ಸಾಲದೆ ಅಂಚಿನಲ್ಲಿ, ಓರೆಯಾಗಿ:
ದಿನಾ ಕೂಡು. ಕೂಡದ ತೊಗಲು ಸೆಟೀತದ.

ಎದುರು ಮನೆಯ ಕಮಲಾಕ್ಷಿಯಕ್ಕ ಕುಂದಾ ತಂದರು.
'ಖರೇ ಚರ್ಮ ಏನು?' ತಡೆದು, 'ಯಾವುದರದು?'
ನಾನು ಬಿಲ್ಲು ಹುಡುಕತೊಡಗಿದೆ.
'ಬಾಗಿಲಾಗ ಬಿಟ್ಟು ಬಂದೀರಲ್ರೀ, ಕಾಲಾಗಿಂದು,
ಅದರ ಅಕ್ಕನೋ ತಂಗಿನೋ' ಅಂದ ಅಪ್ಪ.
ಅವರು ಅಂಚಿಗೆ ಕೂತರು, ಅರ್ಧ ಮೈ ಗಾಳಿಯಲ್ಲಿ.
ಶ್ರಾವಣದ ಹೊತ್ತಿಗೆ ಒರಗಿ ಕೂತು
ಸೊಸೆಯ ಸುದ್ದಿ ಹೇಳುತ್ತಿದ್ದರು.

ಅಪ್ಪ ಮಾತ್ರ ನೆಲದ ಮೇಲೆ, ಸೋಫಾಕ್ಕೆ ಬೆನ್ನು ಕೊಟ್ಟು.
ಐವತ್ತು ವರ್ಷ ಕಾಲ್ಬೆರಳ ನಡುವೆ ಅಟ್ಟೆ ಹಿಡಿದವನ ಮಂಡಿ
ಎತ್ತರಕ್ಕೆ ಒಗ್ಗುವುದಿಲ್ಲ.
ಇಷ್ಟೇ ಕಾರಣ, ಬೇರೆ ಹುಡುಕಬೇಡಿ.
(ನಾನು ಹುಡುಕಿದ್ದೇನೆ.)

ಏಳನೆಯ ವರ್ಷ ಎಡದ ತೋಳಿನ ಹೊಲಿಗೆ ಬಿಟ್ಟಿತು.
ಅಂಗಡಿಯ ಜಾಗದಲ್ಲಿ ಈಗ ಮೊಬೈಲು ಮಾರುತ್ತಾರೆ.
ಅಥಣಿ ಬಸ್ಸಿಳಿದು ಬಂದ ಅಪ್ಪ
ಚೀಲದಿಂದ ಆರಿ ತೆಗೆದ, ಮೇಣದ ದಾರ ತೆಗೆದ,
ಚಪ್ಪಲಿಯ ಪಟ್ಟಿಗೆ ಹಾಕುವ ಜಡೆಹೊಲಿಗೆ ಹಾಕಿದ.
ಇಟಲಿಯ ತೋಳಿಗೆ ಅಥಣಿಯ ಜಡೆ.
ಗಟ್ಟಿ ಆಯಿತೇನೋ ನೋಡಲು ಮೇಲೆ ಕೂತ.
ಕೂತವನು ಮಾತಾಡಲಿಲ್ಲ. ಕಪ್ಪಿನಲ್ಲಿ ಚಹಾ ಕೆನೆಗಟ್ಟಿತು.
ಎದ್ದಮೇಲೆ, ಕೂತ ತಗ್ಗನ್ನು ಒಣ ಅರಿವೆಯಿಂದ ಒರೆಸಿದ:
'ಬೆವರಂದ್ರ ಉಪ್ಪು. ಕಲಿ ಬೀಳತದ.'

ಕ್ಯಾಲೆಂಡರಿನ ಹಿಂದೆ ಜಾಗ ಇರಲಿಲ್ಲ.
ಮುಂದುಗಡೆ, ಆ ತಾರೀಕಿನ ಚೌಕದಲ್ಲಿ
ಇದನ್ನೂ ಬರೆದುಕೊಂಡೆ.